ನನ್ನ ಹೆಸರಿನಲ್ಲಿ ನೀನು ಓಡಿದ್ದು

ರಾಜಾಜಿನಗರ, ಬೆಂಗಳೂರು – 10
11–2–1974, ಸೋಮವಾರ

ಪ್ರೀತಿಯ ಅಂಜಿನಯ್ಯನಿಗೆ,

ಫ್ಯಾಕ್ಟರಿ ಸ್ಟೋರ್ಸಿನ ಗುಮಾಸ್ತ ಸೇತುರಾಮ ಬರೆಯುತ್ತಿರುವುದು. ಮೊದಲು ‘ಚಿರಂಜೀವಿ ಅಂಜಿನಯ್ಯನಿಗೆ ಆಶೀರ್ವಾದಗಳು’ ಎಂದು ಶುರು ಮಾಡಿದ್ದೆ. ನಿನ್ನನ್ನು ಆಶೀರ್ವದಿಸುವುದಕ್ಕೆ ನಾನು ಯಾರು ಅನ್ನಿಸಿ ಆ ಹಾಳೆಯನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಂಡೆ. ಹೆಸರು ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಬೇಡಪ್ಪ. ಪೂರ್ತಿ ಓದು. ನಿನ್ನ ಕೆಲಸದ ವಿಷಯ ಕೊನೆಯಲ್ಲಿದೆ.

ನೀನು ಮಾಗಡಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದೀಯ, ಸೋದರಮಾವನ ಮನೆಯಲ್ಲಿದ್ದೀಯ ಎಂದು ಗೇಟಿನ ಮುನಿಯಣ್ಣ ಹೇಳಿದ. ವಿಳಾಸ ಕೊಡುವುದಕ್ಕೆ ಮಾತ್ರ ವಾರವೆಲ್ಲ ಸತಾಯಿಸಿದ. ಅವನ ಹತ್ತಿರ ಕಿತ್ಕೊಳ್ಳೋಕೆ ಇನ್ನೇನು ಉಳಿದದೆ ಸ್ವಾಮಿ ಎಂದು ಕೇಳಿದ. ಅವನ ತಪ್ಪೇನಿಲ್ಲ.

ನಡೆದದ್ದು ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಬರೆಯುತ್ತೇನೆ. ನೀನು ಇದನ್ನು ನಿನ್ನ ತಾಯಿಗೆ, ಮಾವನಿಗೆ, ಯಾರಿಗೆ ಬೇಕೋ ಅವರಿಗೆ ಓದಿ ಹೇಳಬೇಕು. ಅಂಜಿನಯ್ಯ ಸುಳ್ಳು ಹೇಳಿದವನಲ್ಲ ಅನ್ನುವುದು ನನ್ನ ಕೈಬರಹದಲ್ಲಿ, ನನ್ನ ರುಜು ಸಮೇತ ನಿನ್ನ ಹತ್ತಿರ ಇರಬೇಕು.

ಹೋದ ವರ್ಷದ ಹಿಂದಿನ ಡಿಸೆಂಬರು. ಫ್ಯಾಕ್ಟರಿಗಳವರು ಸೇರಿ ನಡೆಸುವ ರಸ್ತೆ ಓಟದ ಪಂದ್ಯಕ್ಕೆ ಪ್ರತಿ ಸೆಕ್ಷನ್ನಿನಿಂದಲೂ ಒಬ್ಬನ ಹೆಸರು ಬರಲೇಬೇಕೆಂದು ಆಗಿನ ವೆಲ್ಫೇರ್ ಆಫೀಸರು ರೇವಣಸಿದ್ದಯ್ಯನವರು ಪಟ್ಟು ಹಿಡಿದಿದ್ದರು. ಎಂಟು ಕಿಲೋಮೀಟರು. ಓಡುವವನು ಕಾಯಂ ನೌಕರನಾಗಿರಬೇಕೆಂಬುದು ನಿಯಮ. ಸ್ಟೋರ್ಸಿನ ನಾಲ್ವರು ಕಾಯಂ ಜನರಲ್ಲಿ ಇಬ್ಬರಿಗೆ ಐವತ್ತು ದಾಟಿತ್ತು, ಒಬ್ಬರಿಗೆ ಉಬ್ಬಸ. ಉಳಿದವನು ನಾನು. ಹೊರಟ ಬಸ್ಸಿನ ಹಿಂದೆ ಕೂಡ ಓಡದೆ ಮುಂದಿನದಕ್ಕೆ ಕಾಯುವ ಆಸಾಮಿ.

ನೀನು ಆಗ ನಮ್ಮಲ್ಲಿ ದಿನಗೂಲಿ. ಹೇರೋಹಳ್ಳಿಯಿಂದ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲವೆಂದು ಮಾಗಡಿ ರಸ್ತೆಯುದ್ದಕ್ಕೂ ಓಡಿಕೊಂಡೇ ಬಂದು, ಗೇಟಿನ ನಲ್ಲಿಯಲ್ಲಿ ಮುಖ ತೊಳೆದು ಹಾಜರಿ ಹಾಕಿಸುತ್ತಿದ್ದೆ. ರೇವಣಸಿದ್ದಯ್ಯನವರು ಅದನ್ನು ಗಮನಿಸಿದ್ದರು. ಇಬ್ಬರನ್ನೂ ಕರೆದು, ಹೆಸರು ಸೇತುರಾಮನದಿರಲಿ, ಕಾಲು ನಿನ್ನದಿರಲಿ ಎಂದು ನಕ್ಕರು. ಮೊದಲ ಮೂವರಲ್ಲಿ ಬಂದರೆ ನಿನ್ನನ್ನು ಕಾಯಂ ಮಾಡಿಸುವ ಹೊಣೆ ನನ್ನದು ಎಂದರು. ನಾನು ಹೂಂ ಅಂದೆ. ಓಡುವುದು ತಪ್ಪಿತಲ್ಲ ಅನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಆಮೇಲಿನ ಆರು ವಾರ ನಿನಗೆ ನೆನಪಿರಬೇಕು. ಬೆಳಗಿನ ಜಾವ ನೀನು ಬರಿಗಾಲಲ್ಲಿ ಮುಂದೆ, ನಾನು ಸೈಕಲ್ಲಿನ ಮೇಲೆ ಕೈಗಡಿಯಾರ ಬಿಚ್ಚಿ ಹಿಡಿದುಕೊಂಡು ಹಿಂದೆ. ಟೋಲ್‌ಗೇಟಿನಿಂದ ಸುಂಕದಕಟ್ಟೆಯವರೆಗೆ ಹೋಗಿ ತಿರುಗಿ ಬರುತ್ತಿದ್ದೆವು. ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಸ್ತೆ ಬದಿಯ ಲೈಟು ಕಂಬಗಳನ್ನು ಎಣಿಸಿಕೊಂಡು ನಾಲ್ಕು ಕಂಬ ಜೋರಾಗಿ, ಎರಡು ಕಂಬ ನಿಧಾನವಾಗಿ, ಮತ್ತೆ ನಾಲ್ಕು ಜೋರಾಗಿ ಓಡುತ್ತಿದ್ದೆ. ಏರು ಬಂದಾಗ ಹೆಜ್ಜೆ ಚಿಕ್ಕದು ಮಾಡುತ್ತಿದ್ದೆ. ಮುಗಿದ ಮೇಲೆ ನೀರು ಕುಡಿಯದೆ ಬರೀ ಬಾಯಿ ಮುಕ್ಕಳಿಸುತ್ತಿದ್ದೆ. ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅಂಬುಜಾ ಕೊಟ್ಟ ಉಪ್ಪಿಟ್ಟು ತಿನ್ನುವಾಗ, ಒಳಗೆ ಬಾ ಎಂದು ಅವಳು ಎಷ್ಟು ಕರೆದರೂ ಬೆವರು ಅಕ್ಕ, ನೆಲ ಒದ್ದೆ ಆಯ್ತದೆ ಅನ್ನುತ್ತಿದ್ದೆ. ನಮಗೆ ಮದುವೆಯಾಗಿ ಹತ್ತು ವರ್ಷ. ಮಕ್ಕಳಿಲ್ಲದ ಮನೆಗೆ ಆ ಆರು ವಾರ ಬೆಳಿಗ್ಗೆ ಒಬ್ಬರು ಬರುತ್ತಿದ್ದರು. ಇದನ್ನು ಆಗ ನಿನಗೆ ಹೇಳಿರಲಿಲ್ಲ.

ಜನವರಿ ಇಪ್ಪತ್ತೆಂಟರ ಭಾನುವಾರ ನೀನು ನನ್ನ ಚೆಸ್ಟ್ ನಂಬರು ಕಟ್ಟಿಕೊಂಡು ಓಡಿದೆ. ಕಾರ್ಡ್ ರೋಡಿನಲ್ಲಿ ಶುರುವಾಗಿ ವಿಜಯನಗರ, ಹೊಸಹಳ್ಳಿ ಸುತ್ತಿ ಮತ್ತೆ ಕಾರ್ಡ್ ರೋಡಿಗೆ. ಇಪ್ಪತ್ತೆಂಟು ನಿಮಿಷ ಹನ್ನೆರಡು ಸೆಕೆಂಡು. ಎರಡನೆಯವನಾಗಿ ಬಂದೆ. ಸಂಜೆ ಕ್ಯಾಂಟೀನಿನ ಹಾಲಿನಲ್ಲಿ ಕೆ. ಸೇತುರಾಮ ಎಂದು ಕೂಗಿದರು. ರೇವಣಸಿದ್ದಯ್ಯನವರು ನನ್ನ ಬೆನ್ನಿನ ಮೇಲೆ ಕೈಯಿಟ್ಟು ಮುಂದೆ ನೂಕಿದರು. ಇಸ್ತ್ರಿ ಶರ್ಟು ಹಾಕಿಕೊಂಡು ವೇದಿಕೆ ಹತ್ತಿ ಕಪ್ಪು ಇಸಿದುಕೊಂಡೆ. ನೀನು ಹಿಂದಿನ ಬಾಗಿಲ ಹತ್ತಿರ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟಿದೆ. ಅಷ್ಟು ಖುಷಿ ನಿನಗೆ.

ನನಗೆ ಅದರ ಮೇಲೆ ಒಂದು ಇನ್‌ಕ್ರಿಮೆಂಟ್ ಬಂತು. ನಿನಗೆ ಬರಬೇಕಾದದ್ದು ಬರಲಿಲ್ಲ. ಏಪ್ರಿಲಿನಲ್ಲಿ ರೇವಣಸಿದ್ದಯ್ಯನವರು ನಿವೃತ್ತರಾಗಿ ತಮ್ಮ ಊರಿಗೆ ಹೋದರು. ನಿನ್ನ ವಿಷಯ ಯಾರಿಗೂ ಹೇಳಿ ಹೋಗಲಿಲ್ಲ. ಅವರ ಜಾಗಕ್ಕೆ ಗೋಪೀನಾಥರು ಬಂದರು. ಆಗಸ್ಟಿನಲ್ಲಿ ಕಾಯಂ ಮಾಡುವವರ ಪಟ್ಟಿ ನೋಟೀಸ್ ಬೋರ್ಡಿಗೆ ಬಿತ್ತು, ನಿನ್ನ ಹೆಸರಿರಲಿಲ್ಲ. ಸಂಜೆ ನೀನು ಸೈಕಲ್ ಸ್ಟ್ಯಾಂಡಿನಲ್ಲಿ ಕಾದಿದ್ದು, ಸಾರ್, ನೀವು ಒಂದು ಮಾತು ಹೇಳ್ಬೇಕು ಅಂದೆ. ನೋಡೋಣ ಅಂದೆ ನಾನು. ಒಂದು ವಾರ ನೋಡಿದೆ, ಎರಡು ವಾರ ನೋಡಿದೆ. ಕೊನೆಗೆ ನೀನೇ ಏಳನೇ ಕ್ಲಾಸಿನ ಅಕ್ಷರದಲ್ಲಿ ಅರ್ಜಿ ಬರೆದು ಗೋಪೀನಾಥರಿಗೆ ಕೊಟ್ಟೆ.

ಇನ್ನು ಮುಂದಿನದನ್ನು ಬರೆಯುವುದಕ್ಕೆ ಕೈ ಏಳುವುದಿಲ್ಲ. ಆದರೂ ಬರೆಯುತ್ತೇನೆ.

ಅವರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ನಿನ್ನ ಅರ್ಜಿ ಮೇಜಿನ ಮೇಲಿತ್ತು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅನುಮಾನವೂ ಇರಲಿಲ್ಲ.

“ಸೇತುರಾಮ್, ಹೋದ ಜನವರಿಯಲ್ಲಿ ಓಡಿದ್ದು ನೀವಾ, ಇವನಾ?”

“ನಾನೇ ಸಾರ್.”

ನೀನು ನನ್ನ ಮುಖ ನೋಡಲಿಲ್ಲ. ನನ್ನ ಕಾಲು ನೋಡಿದೆ. ಚಪ್ಪಲಿ ಹಾಕಿದ್ದ ನನ್ನ ಕಾಲನ್ನು ಸುಮಾರು ಹೊತ್ತು ನೋಡಿ, “ಹಂಗಾರೆ ಬುಡಿ ಸಾರ್” ಅಂದು ಹೊರಟುಹೋದೆ. ಮಾರನೆಯ ದಿನ ಮುನಿಯಣ್ಣ ನಿನ್ನನ್ನು ಗೇಟಿನ ಒಳಗೆ ಬಿಡಲಿಲ್ಲ.

ಯಾಕೆ ಹಾಗೆ ಹೇಳಿದೆ ಎಂದು ನೀನು ಕೇಳಬಹುದು. ಬೇರೆಯವನನ್ನು ನನ್ನ ಹೆಸರಿನಲ್ಲಿ ಓಡಿಸಿದ್ದು ಗೊತ್ತಾದರೆ ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು, ಅದು ನಿಜ. ಇನ್ನೂ ಒಂದು ಇದೆ. ಆ ಏಳು ತಿಂಗಳಲ್ಲಿ ಆ ಓಟವನ್ನು ನಾನು ಎಷ್ಟು ಜನಕ್ಕೆ ವರ್ಣಿಸಿದ್ದೆ ಅನ್ನುತ್ತೀಯ. ಹೊಸಹಳ್ಳಿಯ ತಿರುವಿನಲ್ಲಿ ಉಸಿರು ಹೇಗೆ ಕಟ್ಟಿತು, ಮುಂದಿದ್ದವನ ಬೆನ್ನು ಹೇಗೆ ಹತ್ತಿರವಾಗುತ್ತಾ ಬಂತು, ಎಲ್ಲ ನಿನ್ನ ಬಾಯಲ್ಲಿ ಕೇಳಿದ್ದೇ. ಹೇಳಿ ಹೇಳಿ ಅದು ನನ್ನದೇ ಆಗಿಬಿಟ್ಟಿತ್ತು. ಆ ದಿನ ‘ನಾನೇ’ ಅನ್ನುವಾಗ ನಾಲಿಗೆ ತೊದಲಲಿಲ್ಲ. ಅದನ್ನು ನೆನೆಸಿಕೊಂಡರೆ ಈಗ ಭಯವಾಗುತ್ತದೆ.

ಗೋಪೀನಾಥರು ನನ್ನ ಮಾತು ನಂಬಿದರು. ನಂಬಿ, ಹಾಗಾದರೆ ಬರುವ ಜನವರಿಗೂ ನೀವೇ ಓಡಬೇಕು, ಈ ಸಲ ಮೊದಲನೆಯ ಬಹುಮಾನವೇ ಬರಲಿ ಎಂದರು. ಮನೆಗೆ ಬಂದು ಅಂಬುಜಾಗೆ ಎರಡನ್ನೂ ಹೇಳಿದೆ, ನಿನ್ನ ವಿಷಯ ಮತ್ತು ಇದು. ಅವಳು ಬೇಳೆ ಆರಿಸುತ್ತಿದ್ದಳು. ತಲೆ ಎತ್ತದೆ, ಹಾಗಾದ್ರೆ ಓಡಿ ಅಂದಳು. ಆಮೇಲೆ ಐದು ತಿಂಗಳು ದಿನಾ ನಾಲ್ಕೂವರೆಗೆ ಎದ್ದು ನನಗೆ ನೀರು ಕಾಯಿಸಿ ಕೊಟ್ಟಳು. ನಿನ್ನ ಹೆಸರು ಮಾತ್ರ ಒಂದು ದಿನವೂ ಎತ್ತಲಿಲ್ಲ.

ನಾನು ಓಡಲು ಶುರು ಮಾಡಿದ್ದು ಸೆಪ್ಟೆಂಬರಿನಲ್ಲಿ. ಸೈಕಲ್ಲಿನ ಮೇಲೆ ಕೂತು ನಿನ್ನನ್ನು ನೋಡಿದ್ದೇ ನನಗಿದ್ದ ಪಾಠ. ಮೊದಲ ದಿನ ನಾಲ್ಕು ಕಂಬ ಜೋರಾಗಿ ಓಡುತ್ತೇನೆಂದು ಹೊರಟು ಎರಡನೆಯ ಕಂಬ ಹಿಡಿದುಕೊಂಡು ವಾಂತಿ ಮಾಡಿದೆ. ಒಂದು ವಾರ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಯಿತು. ಮೊಣಕಾಲ ಕೆಳಗಿನ ಮೂಳೆ ಹಲ್ಲುನೋವಿನ ಹಾಗೆ ಸೆಳೆಯುತ್ತಿತ್ತು. ಹೊಸ ಕ್ಯಾನ್ವಾಸ್ ಶೂ ಕಚ್ಚಿ ಹಿಮ್ಮಡಿ ಹುಣ್ಣಾಯಿತು. ಆಫೀಸಿನಲ್ಲಿ ಲೆಡ್ಜರಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದೆ. ಸಣ್ಣಗಾದದ್ದನ್ನು ಕಂಡು ಎದುರು ಮನೆಯವರು ಸಕ್ಕರೆ ಕಾಯಿಲೆಯೇ ಎಂದು ಅಂಬುಜಾಳನ್ನು ವಿಚಾರಿಸಿದರು.

ಎಲ್ಲಕ್ಕಿಂತ ಕಷ್ಟವಾದದ್ದು ಏಳುವುದು. ಮೈ ನೋವಿಗೆ ಎಣ್ಣೆಯಿದೆ, ಹುಣ್ಣಿಗೆ ಮುಲಾಮಿದೆ. ಕಣ್ಣು ಬಿಟ್ಟ ಕೂಡಲೇ ಇವತ್ತೂ ಓಡಬೇಕಲ್ಲ ಅನ್ನಿಸುತ್ತದಲ್ಲ, ಅದಕ್ಕೆ ಏನಿದೆ? ನೀನು ಹಾಗೆ ಎದ್ದು ಓಡಿಬಂದು, ದಿನವೆಲ್ಲ ಪೆಟ್ಟಿಗೆ ಹೊತ್ತು, ಸಂಜೆ ಮತ್ತೆ ಅಷ್ಟೇ ದೂರ ಹೋಗುತ್ತಿದ್ದೆ. ಒಂದು ದಿನವಾದರೂ ಸಾಕಾಯಿತು ಅಂದವನಲ್ಲ. ನಾನು ಸೈಕಲ್ಲಿನ ಮೇಲಿಂದ ಇನ್ನೂ ಸ್ವಲ್ಪ ಜೋರು, ಇನ್ನೂ ಸ್ವಲ್ಪ ಎಂದು ಕೂಗುತ್ತಿದ್ದೆ. ನಾಚಿಕೆಯಾಗುತ್ತದೆ.

ನವೆಂಬರಿನ ಹೊತ್ತಿಗೆ ನಿಲ್ಲದೆ ಓಡುವುದು ಬಂತು. ಜೋರಾಗಿ ಅಲ್ಲ, ಆದರೆ ನಿಲ್ಲದೆ. ಒಂದು ಭಾನುವಾರ ದೂರ ಹೆಚ್ಚಿಸೋಣವೆಂದು ಸುಂಕದಕಟ್ಟೆ ದಾಟಿ ಹೇರೋಹಳ್ಳಿಯವರೆಗೆ ಹೋದೆ. ಬಾಯಿ ಒಣಗಿತ್ತು. ರಸ್ತೆಗೆ ಹತ್ತಿರದ ಒಂದು ಮನೆಯ ಮುಂದೆ ಹೆಂಗಸೊಬ್ಬರು ಸಗಣಿ ನೀರು ಚೆಲ್ಲುತ್ತಿದ್ದರು. ನೀರು ಕೇಳಿದೆ. ಒಳಗಿನಿಂದ ಚೊಂಬು ತಂದುಕೊಟ್ಟು, ಮುಕ್ಕಳ್ಸಿ ಉಗಿ, ತಕ್ಷಣ ಕುಡೀಬ್ಯಾಡ ಎಂದರು. ಆ ಮಾತು ಎಲ್ಲೋ ಕೇಳಿದ್ದೇನಲ್ಲ ಅನ್ನಿಸುವಷ್ಟರಲ್ಲಿ ಪಕ್ಕದ ಮನೆಯಿಂದ ಯಾರೋ ಚಿಕ್ಕಗಂಗಮ್ಮ ಎಂದು ಕರೆದರು. ನಿನ್ನ ತಾಯಿಯ ಹೆಸರು ನೀನು ನನಗೆ ಹೇಳಿದ್ದೆ.

ಈ ವಯಸ್ಸಿನಲ್ಲಿ ಯಾಕಪ್ಪ ಓಡುತ್ತೀ ಎಂದು ಕೇಳಿದರು. ಆರೋಗ್ಯಕ್ಕೆ ಅಂದೆ. ಅವರು ಬಾಗಿಲಿಗೆ ಒರಗಿ ನಿಂತು ಹೇಳಿದರು. “ನನ್ ಮಗನೂ ಹಿಂಗೇ ಓಡ್ತಿದ್ದ. ಅವನು ಓಡಿದ್ದನ್ನ ಯಾರೋ ಆಪೀಸಿನೋರು ತಮ್ದು ಅಂದ್ರಂತೆ. ಊರಲ್ಲಿ ಎಲ್ರೂ ಅವನನ್ನೇ ಸುಳ್ಳ ಅಂದ್ರು. ಈಗ ಓಡಾದು ಬುಟ್ಬುಟ್ಟವ್ನೆ. ನಡಿಯೋದೂ ತಲೆ ಬಗ್ಗುಸ್ಕಂಡೇ.”

ಚೊಂಬು ತೊಳೆದು ಕೊಡುತ್ತೇನೆ ಅಂದೆ, ಬೇಡ ಅಂದರು. ವಾಪಸು ಓಡಲು ಆಗಲಿಲ್ಲ, ನಡೆದುಕೊಂಡು ಬಂದೆ. ಆಮೇಲೆ ಸುಂಕದಕಟ್ಟೆಗೇ ತಿರುಗಿಬಿಡುತ್ತಿದ್ದೆ. ಮಾರನೆಯ ದಿನವೇ ಹೋಗಿ ಗೋಪೀನಾಥರಿಗೆ ಹೇಳಬಹುದಿತ್ತು. ಇನ್ನೂ ಎರಡು ತಿಂಗಳು ಓಡಿದೆನೇ ಹೊರತು ಹೇಳಲಿಲ್ಲ.

ಮೊನ್ನೆ ಜನವರಿ ಇಪ್ಪತ್ತೇಳರಂದು ಓಟ ನಡೆಯಿತು. ಅರವತ್ತಾರು ಜನ. ಗೋಪೀನಾಥರು ಮುಗಿಯುವ ಗೆರೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅರ್ಧ ಕಿಲೋಮೀಟರಿನೊಳಗೆ ಮುಂದಿನ ಗುಂಪು ಕಾಣದಾಯಿತು. ವಿಜಯನಗರದ ಹತ್ತಿರ ನನ್ನ ಜೊತೆಗೆ ಉಳಿದವರು ಏಳೆಂಟು ಜನ, ಅವರಲ್ಲಿ ಒಬ್ಬರು ನನಗಿಂತ ಹಿರಿಯರು. ಹೊಸಹಳ್ಳಿಯ ತಿರುವಿನಲ್ಲಿ ನನ್ನ ಉಸಿರು ನಿಜವಾಗಿಯೂ ಕಟ್ಟಿತು. ನಾನು ವರ್ಣಿಸುತ್ತಿದ್ದ ಹಾಗೆ ಇರಲಿಲ್ಲ ಅಂಜಿನಯ್ಯ. ಪಕ್ಕೆಯಲ್ಲಿ ಯಾರೋ ಹಿಡಿದು ಹಿಂಡಿದ ಹಾಗೆ, ಕಿವಿಯಲ್ಲಿ ಬರೀ ಗುಂಯ್ ಎಂಬ ಸದ್ದು, ರಸ್ತೆ ಬದಿಯ ಜನ ಏನು ಕೂಗುತ್ತಿದ್ದಾರೆಂದು ಕೂಡ ತಿಳಿಯದು. ನೀನು ಇಂಥ ಜಾಗದಲ್ಲಿ ಇನ್ನೂ ಜೋರು ಮಾಡಿದ್ದೆಯಲ್ಲ ಎಂದು ನೆನೆಸಿಕೊಂಡೆ. ನಾನು ಹೆಜ್ಜೆ ಚಿಕ್ಕದು ಮಾಡಿದೆ. ನಿಲ್ಲಲಿಲ್ಲ. ನಲವತ್ತೊಂದು ನಿಮಿಷ, ಐವತ್ತೆಂಟನೆಯ ಸ್ಥಾನ.

ಗೆರೆ ದಾಟಿದ ಮೇಲೆ ಕಲ್ಲಿನ ಮೇಲೆ ಕೂತೆ. ಅಂಬುಜಾ ಬಂದಿದ್ದಳು. ಶೂ ಬಿಚ್ಚಿ, ಹೆಬ್ಬೆರಳಿನ ಉಗುರು ಕಪ್ಪಾಗಿದ್ದದ್ದನ್ನು ನೋಡಿ, ಇದು ನಿಮ್ಮದೇ ಅಂದಳು. ಹಾಸ್ಯ ಮಾಡಿದಳೋ ಏನೋ, ಅವಳು ನಗಲಿಲ್ಲ.

ಬುಧವಾರ ನಾನಾಗಿಯೇ ಗೋಪೀನಾಥರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೋದ ವರ್ಷ ಓಡಿದ್ದು ಅಂಜಿನಯ್ಯ, ಆಗಸ್ಟಿನಲ್ಲಿ ನಾನು ನಿಮ್ಮೆದುರು ಆಡಿದ್ದು ಸುಳ್ಳು, ಇನ್ನು ಇದನ್ನು ಹೊತ್ತುಕೊಂಡಿರುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ ಎಂದೆ. ಬರೆದುಕೊಡಿ ಎಂದರು. ಅಲ್ಲೇ ಕೂತು ಎರಡು ಪುಟ ಬರೆದುಕೊಟ್ಟೆ.

ಆಮೇಲೆ ಏನಾಯಿತೆಂದು ಹೇಳುತ್ತೇನೆ. ನನ್ನ ಇನ್‌ಕ್ರಿಮೆಂಟ್ ಹಿಂದಕ್ಕೆ ತೆಗೆದುಕೊಂಡರು. ಮೆಮೊ ಕೊಟ್ಟಿದ್ದಾರೆ. ಕೆಲಸ ಉಳಿಯಿತು. ಕಪ್ಪನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಒಪ್ಪಿಸಿದೆ. ನಾನು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಒಂದಿದೆ, ಅದನ್ನು ನಿನ್ನಿಂದ ಮುಚ್ಚಿಡಲಾರೆ. ಓಟದ ಸಮಿತಿಯವರು ಹೋದ ವರ್ಷದ ಎರಡನೆಯ ಸ್ಥಾನವನ್ನೇ ಹೊಡೆದುಹಾಕಿದರು. ನನ್ನ ಹೆಸರು ತೆಗೆದು ನಿನ್ನ ಹೆಸರು ಬರೆಯುತ್ತಾರೆಂದುಕೊಂಡಿದ್ದೆ. ದಿನಗೂಲಿಯವರಿಗೆ ಓಡುವ ಹಕ್ಕೇ ಇರಲಿಲ್ಲವಲ್ಲ, ಹಾಗಾಗಿ ಆ ಜಾಗ ಖಾಲಿ ಎಂದರು. ಇಪ್ಪತ್ತೆಂಟು ನಿಮಿಷ ಹನ್ನೆರಡು ಸೆಕೆಂಡಿನಲ್ಲಿ ಯಾರೂ ಬಂದಿಲ್ಲ ಎಂದು ಈಗ ದಾಖಲೆ. ನಾನು ಸುಳ್ಳು ಹೇಳಿದಾಗ ನಿನ್ನ ಓಟ ನನ್ನದಾಯಿತು, ನಿಜ ಹೇಳಿದಾಗ ಯಾರದೂ ಇಲ್ಲದಂತಾಯಿತು. ಇದಕ್ಕೆ ಏನು ಮಾಡಬೇಕೋ ನನಗೆ ತಿಳಿಯದು.

ನಿನ್ನ ಕೆಲಸದ ವಿಷಯ. ನಿನ್ನ ಅರ್ಜಿಯ ಅಂಚಿನಲ್ಲಿ ‘ಅರ್ಜಿದಾರ ಸುಳ್ಳು ಹೇಳಿದ್ದಾನೆ’ ಎಂದು ಕೆಂಪು ಶಾಯಿಯಲ್ಲಿದ್ದ ಷರಾವನ್ನು ಗೋಪೀನಾಥರು ನನ್ನೆದುರಿಗೇ ಹೊಡೆದು ರುಜು ಹಾಕಿದರು. ಮಾರ್ಚಿನಲ್ಲಿ ಸ್ಟೋರ್ಸಿಗೆ ಇಬ್ಬರನ್ನು ಕಾಯಂ ಆಗಿ ತೆಗೆದುಕೊಳ್ಳುತ್ತಾರೆ. ಖಂಡಿತ ಎಂದು ಮಾತು ಕೊಡಲಾರೆ, ಆದರೆ ಬಂದರೆ ಮೊದಲು ಅವನನ್ನು ನೋಡುತ್ತೇನೆ ಎಂದಿದ್ದಾರೆ. ಫೆಬ್ರವರಿ ಇಪ್ಪತ್ತೈದರೊಳಗೆ ನೀನೇ ಬರಬೇಕು. ಶಾಲೆಯ ಸರ್ಟಿಫಿಕೇಟು ತಾ. ನನ್ನ ಹತ್ತಿರ ಬರಬೇಕಾಗಿಲ್ಲ, ನೇರ ಅವರ ಕೋಣೆಗೆ ಹೋಗು. ಮುನಿಯಣ್ಣನಿಗೆ ಹೇಳಿಟ್ಟಿದ್ದೇನೆ, ಒಳಗೆ ಬಿಡುತ್ತಾನೆ. ಸ್ಟೋರ್ಸಿನಲ್ಲಿ ನನ್ನ ಮುಖ ನೋಡಿಕೊಂಡು ಕೆಲಸ ಮಾಡುವುದು ನಿನಗೆ ಆಗದು ಎಂದಾದರೆ ಅದನ್ನೂ ಅವರಿಗೆ ಹೇಳು. ನನ್ನನ್ನು ಬೇರೆ ಸೆಕ್ಷನ್ನಿಗೆ ಹಾಕಿ ಎಂದು ನಾನೇ ಬರೆದುಕೊಡುತ್ತೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಬುಡಿ ಸಾರ್ ಅಂದುಬಿಡುತ್ತೀಯ, ಅದನ್ನು ಇನ್ನೊಂದು ಸಲ ಕೇಳುವ ಶಕ್ತಿ ಇಲ್ಲ.

ಇಂತು,
ಕೆ. ಸೇತುರಾಮ

ವಿ. ಸೂ.: ಮಡಿಸುವ ಮುಂಚೆ ಅಂಬುಜಾ ಓದಿದಳು. ‘ನಾನಾಗಿಯೇ’ ಎಂಬ ಮಾತಿನ ಮೇಲೆ ಬೆರಳಿಟ್ಟು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದಳು. ಅವಳಿಗೆ ನಿಜ ಗೊತ್ತು, ನಿನಗೂ ಗೊತ್ತಿರಲಿ. ಬುಧವಾರ ನಾನಾಗಿ ಹೋಗಲಿಲ್ಲ, ಗೋಪೀನಾಥರೇ ಕರೆಸಿದರು. ಎರಡು ವರ್ಷದ ಎರಡು ಟೈಮನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಇದೇನು ಹೀಗಾಯಿತು ಎಂದು ಕೇಳಿದರು. ಆಗಲೂ ನಾನು ಜ್ವರ ಬಂದಿತ್ತು ಸಾರ್ ಎಂದೆ. ಅವರು ಅದನ್ನೂ ನಂಬಿದರು. ಪಾಪ ಎಂದು, “ಹೋಗ್ಲಿ ಬಿಡಿ, ಇನ್ನೂ ಒಂದು ವರ್ಷ ಇದೆ. ನಾಳೆಯಿಂದ್ಲೇ ಶುರು ಮಾಡಿ” ಅಂದರು. ನಾಳೆ ಬೆಳಿಗ್ಗೆ ಮತ್ತೆ ನಾಲ್ಕೂವರೆಗೆ ಏಳಬೇಕಲ್ಲ ಅನ್ನಿಸಿತು. ಮತ್ತೆ ಒಂದು ವರ್ಷ. ಕೇಳದೆಯೇ ಅವರ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟೆ. ಆಗ ನಿನ್ನ ಹೆಸರು ಹೇಳಿದೆ. ನಿನಗಾಗಿ ಹೇಳಿದೆ ಎಂದು ಯಾರಾದರೂ ಅಂದರೆ ನಂಬಬೇಡ, ಸಾಕಾಗಿ ಹೇಳಿದ್ದು. ತಾಯಿಗೆ ಇದನ್ನೂ ಓದಿ ಹೇಳು.